ಟೊಮೆಟೊ ಬೇರು ಸಿಕ್ಕಾಗ ತೆರೆದುಕೊಳ್ಳುವ ಜೀನ್‌ಗಳು

ಟೊಮೆಟೊ ಗಿಡದ ಒಂದು ಮಗ್ಗುಲಿನ ಎಲೆಗಳು ಹಳದಿಯಾಗಿ ಇನ್ನೊಂದು ಮಗ್ಗುಲು ಹಸಿರಾಗೇ ಉಳಿದಿದ್ದರೆ, ಅನುಭವಿ ರೈತರು ನೀರು ಹಾಯಿಸಲು ಹೋಗುವುದಿಲ್ಲ. ಗಿಡ ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡುತ್ತಾರೆ. ತೊಗಟೆಯ ಒಳಗೆ ಕಂದು ಗೆರೆ ಓಡಿದ್ದರೆ ಅದು ಸೊರಗು ರೋಗ. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದ ಗಿಡ ಕೆಲವೇ ದಿನಗಳಲ್ಲಿ ಸಂಜೆಗೂ ತಲೆಯೆತ್ತದಂತಾಗುತ್ತದೆ. ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು. ಅಷ್ಟರೊಳಗೆ ಸಸಿ, ಗೊಬ್ಬರ, ಕೋಲು, ದಾರ, ಕೂಲಿ ಎಂದು ದುಡ್ಡೆಲ್ಲ ಹೊಲಕ್ಕೆ ಸುರಿದಾಗಿರುತ್ತದೆ.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿ ಮಳೆ ಕಡಿಮೆಯ ಸೀಮೆ. ರಾಗಿ, ತೆಂಗು, ಅಡಿಕೆಯ ನಡುವೆ ಕೊಳವೆಬಾವಿಯಲ್ಲಿ ಒಂದಿಷ್ಟು ನೀರಿರುವವರು ಡ್ರಿಪ್ ಎಳೆದು ತರಕಾರಿ ಬೆಳೆಯುತ್ತಾರೆ. ಪಕ್ಕದ ಹಿರಿಯೂರು, ಅದರಾಚೆಯ ಚಳ್ಳಕೆರೆ ಕಡೆಯೂ ಟೊಮೆಟೊ ಉಂಟು. ನೀರಿರುವ ತುಂಡು ಹೊಲ ಒಂದೇ ಆಗಿದ್ದರೆ ಬೆಳೆ ಬದಲಿಸುವುದು ಕಷ್ಟ. ಅದೇ ಜಾಗಕ್ಕೆ ಮತ್ತೆ ಮತ್ತೆ ಟೊಮೆಟೊ ಬೀಳುತ್ತದೆ. ಸೊರಗು ರೋಗದ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ನೆಲ ಮರಳು ಮಿಶ್ರಿತವಾಗಿ ತುಸು ಹುಳಿಯಾಗಿದ್ದರೆ ಅದು ಚೆನ್ನಾಗಿ ಬೆಳೆಯುತ್ತದೆ. ಆಸರೆಯ ಗಿಡ ಇಲ್ಲದಿದ್ದರೂ ದಪ್ಪ ಗೋಡೆಯ ಬೀಜಕಣಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲದು.

ಅದರ ಹೆಸರು ಫ್ಯುಸೇರಿಯಂ ಆಕ್ಸಿಸ್ಪೋರಂ. ಕನ್ನಡ ನಾಡಿಗೆ ಇದು ಹೊಸಬನೇನಲ್ಲ. ನಂಜನಗೂಡು ರಸಬಾಳೆಯ ತೋಟಗಳನ್ನು ಬರಿದು ಮಾಡಿದ ಪನಾಮ ಸೊರಗು ಇದೇ ಜಾತಿಯ ಶಿಲೀಂಧ್ರದ್ದು. ಕಡಲೆ ಗಿಡ ನಿಂತಲ್ಲೇ ಒಣಗುವುದೂ ಇದರಿಂದಲೇ. ಆದರೆ ಬಾಳೆಯನ್ನು ಕೊಲ್ಲುವ ಬಗೆ ಟೊಮೆಟೊಗೆ ರೋಗ ತರುವುದಿಲ್ಲ, ಟೊಮೆಟೊದ್ದು ಕಡಲೆಗೆ ತಗಲುವುದಿಲ್ಲ. ಒಂದೇ ಜಾತಿಯೊಳಗೆ ಒಂದೊಂದು ಬಗೆಗೆ ಒಂದೊಂದು ಬೆಳೆ ಗೊತ್ತಾಗಿದೆ. ಅಷ್ಟೇ ಅಲ್ಲ, ಇದೇ ಜಾತಿಯ ಎಷ್ಟೋ ಬಗೆಗಳು ಯಾವ ಬೆಳೆಗೂ ಕೇಡು ಮಾಡದೆ ಕೊಳೆತ ಕಸ ತಿಂದುಕೊಂಡು ಮಣ್ಣಿನಲ್ಲಿ ಬಾಳುತ್ತವೆ. ಹಾಗಾದರೆ ಒಂದನ್ನು ಕೊಲೆಗಾರನನ್ನಾಗಿ ಮಾಡುವುದೇನು? ಕಳೆದ ಎರಡು ದಶಕಗಳಲ್ಲಿ ವಿಜ್ಞಾನಿಗಳು ಇದಕ್ಕೆ ಉತ್ತರವನ್ನು ಶಿಲೀಂಧ್ರದ ಜೀನ್‌ಗಳಲ್ಲಿ ಹುಡುಕಿದರು.

ಜೀವಕೋಶದಲ್ಲಿರುವ ಜೀನ್‌ಗಳೆಲ್ಲ ಸದಾ ಕೆಲಸ ಮಾಡುತ್ತಿರುವುದಿಲ್ಲ. ಮನೆಯ ಅಟ್ಟದ ಮೇಲಿನ ಕೊಪ್ಪರಿಗೆ ಮದುವೆಗೋ ಜಾತ್ರೆಗೋ ಮಾತ್ರ ಕೆಳಗಿಳಿಯುವಂತೆ, ಕೆಲವು ಜೀನ್‌ಗಳು ಸಂದರ್ಭ ಬಂದಾಗಷ್ಟೇ ತೆರೆದುಕೊಳ್ಳುತ್ತವೆ. ತೆರೆದುಕೊಂಡ ಜೀನ್ ಆರ್‌ಎನ್‌ಎ ಎಂಬ ನಕಲು ಪ್ರತಿಯನ್ನು ಹೊರಡಿಸುತ್ತದೆ. ಆ ಪ್ರತಿಯನ್ನು ಓದಿಕೊಂಡು ಕೋಶ ಪ್ರೋಟೀನ್ ತಯಾರಿಸುತ್ತದೆ. ಆದ್ದರಿಂದ ಸೋಂಕು ತಗಲಿದ ಬೇರನ್ನು ಅರೆದು, ಅದರಲ್ಲಿರುವ ಆರ್‌ಎನ್‌ಎಯನ್ನು ಅಳೆದರೆ ಆ ಗಳಿಗೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿತ್ತೆಂದು ತಿಳಿಯುತ್ತದೆ. ಇದು ಹೇಳಿದಷ್ಟು ಸುಲಭವಲ್ಲ. ಸೋಂಕಿನ ಮೊದಲ ದಿನಗಳಲ್ಲಿ ಅರೆದ ಬೇರಿನಲ್ಲಿ ಸಿಗುವುದು ಬಹುಪಾಲು ಟೊಮೆಟೊದ್ದೇ ಆರ್‌ಎನ್‌ಎ. ಶಿಲೀಂಧ್ರದ್ದು ಅದರ ನಡುವೆ ಒಂದಿಷ್ಟು ಮಾತ್ರ.

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ರೆಪ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ರೋಗ ತಗಲಿದ ಟೊಮೆಟೊ ಗಿಡದ ನೀರುಕೊಳವೆಗಳಿಂದ ರಸ ತೆಗೆದು, ಅದರಲ್ಲಿ ಶಿಲೀಂಧ್ರ ಸ್ರವಿಸಿದ ಪ್ರೋಟೀನ್‌ಗಳನ್ನು ಹೆಕ್ಕಿದರು. ಅವುಗಳ ಜೀನ್‌ಗಳಿಗೆ ‘ಸಿಕ್ಸ್’ ಎಂಬ ಹೆಸರು ಬಂತು. ಇವುಗಳಲ್ಲಿ ಸಿಕ್ಸ್-1 ಯಾವಾಗ ತೆರೆದುಕೊಳ್ಳುತ್ತದೆಂದು ತಿಳಿಯಲು ಅದರ ಜೊತೆಗೆ ಹಸಿರು ಬೆಳಕು ಸೂಸುವ ಪ್ರೋಟೀನಿನ ಜೀನನ್ನು ಕಟ್ಟಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಶಿಲೀಂಧ್ರದ ಎಳೆ ಬೇರಿನ ತೊಗಟೆಯೊಳಗೆ ನುಗ್ಗಿದ ಕೂಡಲೇ ಜೀನ್ ತೆರೆದುಕೊಂಡಿತ್ತು. ಅದಕ್ಕೆ ಜೀವಂತ ಸಸ್ಯಕೋಶವೇ ಬೇಕು. ಸತ್ತ ಗಿಡದ ಕಸವನ್ನೂ ಬದುಕಿರುವ ಬೇರನ್ನೂ ಈ ಶಿಲೀಂಧ್ರ ಬೇರೆಬೇರೆಯಾಗಿ ಗುರುತಿಸಬಲ್ಲದು ಎಂದಾಯಿತು.

ಮರುವರ್ಷ ಅದೇ ಗುಂಪು ‘ಎಸ್‌ಜಿಇ-1’ ಎಂಬ ಇನ್ನೊಂದು ಜೀನನ್ನು ವರದಿ ಮಾಡಿತು. ಇದು ಸಿಕ್ಸ್ ಜೀನ್‌ಗಳನ್ನು ತೆರೆಸುವ ಮೇಸ್ತ್ರಿ. ಇದನ್ನು ತೆಗೆದುಹಾಕಿದ ಶಿಲೀಂಧ್ರ ಪ್ರಯೋಗಾಲಯದ ತಟ್ಟೆಯಲ್ಲಿ ಎಂದಿನಂತೆ ಬೆಳೆಯಿತು, ಬೀಜಕಣಗಳನ್ನೂ ಬಿಟ್ಟಿತು. ಟೊಮೆಟೊಗೆ ರೋಗ ತರಲು ಮಾತ್ರ ಆಗಲಿಲ್ಲ.

ಇನ್ನೂ ದೊಡ್ಡ ಸುದ್ದಿ 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಲಿ-ಜುನ್ ಮಾ ಮುಂದಾಳುತನದ ತಂಡ ಟೊಮೆಟೊ ಸೊರಗಿನ ಶಿಲೀಂಧ್ರದ ಪೂರ್ಣ ಜೀನೋಮ್ ಓದಿತ್ತು. ಅದರ 15 ವರ್ಣತಂತುಗಳಲ್ಲಿ ನಾಲ್ಕು ಹತ್ತಿರದ ಬಂಧುಗಳಲ್ಲಿ ಇರಲೇ ಇಲ್ಲ. ಅವುಗಳಲ್ಲಿ 14ನೆಯದರಲ್ಲಿ ಸಿಕ್ಸ್ ಜೀನ್‌ಗಳು ಹೆಚ್ಚಾಗಿ ಸೇರಿಕೊಂಡಿದ್ದವು. ರೋಗದ ಶಿಲೀಂಧ್ರವನ್ನೂ, ಕೇಡು ಮಾಡದ ಒಂದು ಬಗೆಯನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದಾಗ 14ನೇ ವರ್ಣತಂತು ಇಡಿಯಾಗಿ ಒಂದರಿಂದ ಇನ್ನೊಂದಕ್ಕೆ ದಾಟಿತು. ಅದುವರೆಗೆ ಸಾಧುವಾಗಿದ್ದದ್ದು ಟೊಮೆಟೊ ಗಿಡವನ್ನು ಸೊರಗಿಸತೊಡಗಿತು.

ಗಿಡವೂ ಸುಮ್ಮನೆ ಕೂತಿಲ್ಲ. ಕಾಡು ಟೊಮೆಟೊಗಳಿಂದ ತಳಿ ತಜ್ಞರು ತಂದ ‘ಐ’, ‘ಐ-2’, ‘ಐ-3’ ಎಂಬ ಪ್ರತಿರೋಧ ಜೀನ್‌ಗಳು ಶಿಲೀಂಧ್ರದ ಇದೇ ಸಿಕ್ಸ್ ಪ್ರೋಟೀನ್‌ಗಳನ್ನು ಪತ್ತೆ ಹಚ್ಚಿ ಗಿಡದ ರಕ್ಷಣೆಯನ್ನು ಎಬ್ಬಿಸುತ್ತವೆ. ‘ಐ’ ಜೀನ್ ಗುರುತಿಸುವುದು ಸಿಕ್ಸ್-4ನ್ನು. ಶಿಲೀಂಧ್ರ ಆ ಜೀನನ್ನೇ ಕಳೆದುಕೊಂಡಾಗ ಎರಡನೇ ತಳಿಯಾಗಿ ‘ಐ’ ಗಿಡಗಳ ಕಣ್ಣು ತಪ್ಪಿಸಿತು. ಮೂರನೇ ತಳಿಯಲ್ಲಿ ಸಿಕ್ಸ್-3 ಇದೆ, ಆದರೆ ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ‘ಐ-2’ಕ್ಕೆ ಗುರುತು ಸಿಗದಂತಾಗಿದೆ.

ರೈತರಿಗೆ ಇದರಿಂದ ಏನು? ಎಲೆ ಹಳದಿಯಾಗುವ ಎಷ್ಟೋ ದಿನ ಮೊದಲೇ ಬೇರಿನೊಳಗೆ ಎಲ್ಲ ನಡೆದಿರುತ್ತದೆ ಎಂಬುದನ್ನು ಈ ಸಂಶೋಧನೆಗಳು ಖಚಿತಪಡಿಸಿವೆ. ಬಾಡಿದ ಗಿಡದ ಎಲೆಗೆ ಔಷಧಿ ಹೊಡೆಯಲು ಸಾಲ ಮಾಡುವುದು ದಂಡ. ಆ ಹಣ ನಾಟಿಗೆ ಮುಂಚೆಯೇ ಕೆಲಸಕ್ಕೆ ಬರಬೇಕು. ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ, ಬೀಜೋಪಚಾರ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣನ್ನು ಬಿಸಿಲಿಗೆ ಕಾಯಿಸುವುದು, ರೋಗವಿಲ್ಲದ ನರ್ಸರಿಯ ಸಸಿ ಇವೆಲ್ಲ ಬೇರು ಶಿಲೀಂಧ್ರಕ್ಕೆ ಸಿಗುವ ಮೊದಲಿನ ಕೆಲಸಗಳು.

ರೋಗ ಯಾವುದೆಂದು ಗೊತ್ತಾಗದೆ ತಳಿ ಆರಿಸುವುದೂ ನಷ್ಟವೇ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುತ್ತದೆಂದು ಹೆಸರಾದದ್ದು: ಎಲೆ ಮುಟುರು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ. ಫ್ಯುಸೇರಿಯಂ ಆ ಮೂರರಲ್ಲಿ ಇಲ್ಲ. ಎರಡು ಸೊರಗುಗಳನ್ನು ಬೇರೆ ಮಾಡಿ ಗುರುತಿಸಲು ಒಂದು ಲೋಟ ತಿಳಿನೀರು ಸಾಕು: ಕತ್ತರಿಸಿದ ಕಾಂಡವನ್ನು ಅದ್ದಿ ಹಿಡಿದಾಗ ಹಾಲಿನಂಥ ಎಳೆ ಇಳಿದರೆ ದುಂಡಾಣು, ಎಳೆ ಇಳಿಯದೆ ಕಾಂಡದಲ್ಲಿ ಕಂದು ಗೆರೆ ಮಾತ್ರ ಇದ್ದರೆ ಶಿಲೀಂಧ್ರದ ಗುಮಾನಿ. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರಕ್ಕೋ ತೋಟಗಾರಿಕೆ ಕಾಲೇಜಿಗೋ ಬೇರುಸಮೇತ ಗಿಡ ಒಯ್ದು ತೋರಿಸಿದರೆ ಗುಮಾನಿ ಬಗೆಹರಿಯುತ್ತದೆ. ಶಿಲೀಂಧ್ರವೇ ಎಂದಾದರೆ, ಮುಂದಿನ ಹಂಗಾಮಿಗೆ ಹೈಬ್ರಿಡ್ ಬೀಜದ ಪೊಟ್ಟಣದ ಮೇಲೆ ‘ಎಫ್‌ಓಎಲ್’ ಎಂಬ ಅಕ್ಷರಗಳೂ ಪಕ್ಕದಲ್ಲಿ ಅದು ತಡೆಯಬಲ್ಲ ಶಿಲೀಂಧ್ರ ತಳಿಗಳ ಸಂಖ್ಯೆಯೂ ಇವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬಹುದು. ಬದನೆಯ ಬೇರಿಗೆ ಟೊಮೆಟೊ ಕಸಿ ಕಟ್ಟಿದ ಸಸಿ ಇನ್ನೊಂದು ದಾರಿ. ಟೊಮೆಟೊಗೆ ಗೊತ್ತಾದ ಈ ಬಗೆಯ ಫ್ಯುಸೇರಿಯಂ ಬದನೆ ಬೇರಿಗೆ ರೋಗ ತರುವುದಿಲ್ಲ.