ಬೆಂಗಳೂರಿಗೊಂದು ಓಟು, ದಿಲ್ಲಿಗೊಂದು ಓಟು

ಬೆಳಗಾವಿ ಜಿಲ್ಲೆಯ ಒಂದು ಸೋಜಿಗ ಹೊರಗಿನವರಿಗೆ ಹೇಳಿದರೆ ಅಷ್ಟು ಬೇಗ ನಂಬುವುದಿಲ್ಲ. ಜಿಲ್ಲೆ ಒಂದು, ಲೋಕಸಭೆಗೆ ಹೋಗುವ ಸದಸ್ಯರು ಮೂವರು! 18 ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟು ಬೆಳಗಾವಿಗೆ, ಎಂಟು ಚಿಕ್ಕೋಡಿಗೆ. ಉಳಿದ ಕಿತ್ತೂರು ಮತ್ತು ಖಾನಾಪುರ ಘಟ್ಟದ ಆಚೆ ಸಮುದ್ರದವರೆಗೂ ಹಬ್ಬಿರುವ ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿವೆ.

ಇದು ನನಗೆ ಮನೆಯ ಮಾತು. ನನ್ನ ತವರು ಕಿತ್ತೂರು ಸೀಮೆ, ಗಂಡನ ಮನೆ ಸವದತ್ತಿ ಹತ್ತಿರದ ಹೂಲಿ. ಪಂಚಲಿಂಗೇಶ್ವರ ಗುಡಿ ನೋಡಲು ಬಂದವರಿಗೆ ನಮ್ಮೂರು ಗೊತ್ತಿರುತ್ತದೆ. 2024ರ ಜೂನ್ 4ರಂದು ನಾವಿಲ್ಲಿ ಟಿವಿ ಮುಂದೆ ಕೂತು ಬೆಳಗಾವಿಯ ಲೀಡ್ ಲೆಕ್ಕ ಹಾಕುತ್ತಿದ್ದರೆ, ಅಲ್ಲಿಂದ ಅಣ್ಣನ ಫೋನು: "ನಮ್ಮ ಎಂಪಿ ಶಿರಸಿಯವರು ಆದ್ರ ನೋಡವ್ವಾ. ಮೂರು ಲಕ್ಷದ ಮ್ಯಾಲ ಲೀಡ್." ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಅಂಜಲಿ ನಿಂಬಾಳ್ಕರ್ ಅವರನ್ನು 3,37,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದರು. ನಮ್ಮ ಕಡೆ ಜಗದೀಶ ಶೆಟ್ಟರ್ ಅವರಿಗೆ 1,78,000 ಮತಗಳ ಮೇಲಿನ ಗೆಲುವು, ಮೃಣಾಲ್ ಹೆಬ್ಬಾಳ್ಕರ್ ಎದುರು. ಚಿಕ್ಕೋಡಿಯಲ್ಲಿ ಮಾತ್ರ ಪ್ರಿಯಾಂಕಾ ಜಾರಕಿಹೊಳಿ ಗೆದ್ದು ಕಾಂಗ್ರೆಸ್ಸಿನ ಮಾನ ಉಳಿಸಿದರು.

ಈಗ ಇದರ ಹಿಂದಿನ ವರ್ಷ ನೋಡಿ. 2023ರ ಮೇ 13ರಂದು ಇದೇ ಜಿಲ್ಲೆಯ 18ರಲ್ಲಿ 11 ಕಾಂಗ್ರೆಸ್ಸಿಗೆ, 7 ಬಿಜೆಪಿಗೆ. ಬೆಳಗಾವಿ ಲೋಕಸಭೆಗೆ ಸೇರಿದ ಎಂಟರಲ್ಲೂ ಕಾಂಗ್ರೆಸ್ಸಿನದು ಐದು: ಬೆಳಗಾವಿ ಉತ್ತರ, ಗ್ರಾಮೀಣ, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಹನ್ನೆರಡೇ ತಿಂಗಳಲ್ಲಿ ಲೆಕ್ಕ ತಿರುಗಿತು. ರಾಜ್ಯದ್ದೂ ಅದೇ ಕಥೆ. ವಿಧಾನಸಭೆಯಲ್ಲಿ 135 ಸೀಟು ಕೊಟ್ಟ ಪಕ್ಷಕ್ಕೆ ಲೋಕಸಭೆಯಲ್ಲಿ ಜನ ಕೊಟ್ಟದ್ದು 9. ಬಿಜೆಪಿ 17, ಜೆಡಿಎಸ್ 2. ತಮಾಷೆ ಏನೆಂದರೆ 2014ರಲ್ಲೂ 17, 9, 2. ಆಗಲೂ ಹಿಂದಿನ ವರ್ಷ ವಿಧಾನಸಭೆಯಲ್ಲಿ ಕಾಂಗ್ರೆಸ್ 122 ಗೆದ್ದಿತ್ತು.

ಟಿವಿಯವರು ಇದನ್ನು "ಮತದಾರರ ಮನಸ್ಸು ಬದಲು" ಅಂತಾರೆ. ನನಗೆ ಹಾಗನಿಸುವುದಿಲ್ಲ. ಮನಸ್ಸು ಬದಲಾಗಿರುವುದಿಲ್ಲ ರೀ, ಮೊದಲಿನಿಂದಲೂ ಎರಡು ಮನಸ್ಸೇ ಇರುತ್ತವೆ. ಕರ್ನಾಟಕ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದೆ. 1984ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ನಡುವೆ ಇದ್ದದ್ದು ಒಂದು ಸುಗ್ಗಿಯಷ್ಟು ಕಾಲ. 2004ರಲ್ಲಿ ಎರಡೂ ಚುನಾವಣೆ ಜೋಡಿಯಾಗಿಯೇ ಆದವು. ಬಿಜೆಪಿಗೆ ಲೋಕಸಭೆಯಲ್ಲಿ 28ಕ್ಕೆ 18 ಸಿಕ್ಕರೂ ವಿಧಾನಸಭೆಯಲ್ಲಿ 224ಕ್ಕೆ 79 ಮಾತ್ರ. ಜೋಡಿ ಚುನಾವಣೆ ಮಾಡಿದರೆ ಜನ ಒಂದೇ ಗುಂಡಿ ಒತ್ತುತ್ತಾರೆ ಅನ್ನುವವರು ಈ ಲೆಕ್ಕ ಒಮ್ಮೆ ನೋಡಬೇಕು.

ನಮ್ಮ ಭಾಗದ ಫಲಿತಾಂಶದ ಹಿಂದೆ ಎರಡು ಸಾವುಗಳೂ ಇವೆ. ಸುರೇಶ ಅಂಗಡಿ ಅವರು 2004ರಿಂದ ಸತತ ನಾಲ್ಕು ಸಲ ಗೆದ್ದವರು. 2019ರಲ್ಲಿ ಅವರ ಅಂತರ 3,90,000 ದಾಟಿತ್ತು. ರೈಲ್ವೆ ರಾಜ್ಯ ಸಚಿವರಾಗಿದ್ದಾಗಲೇ 2020ರ ಸೆಪ್ಟೆಂಬರಿನಲ್ಲಿ ಕೊರೊನಾದಿಂದ ದಿಲ್ಲಿಯಲ್ಲಿ ತೀರಿಕೊಂಡರು. ಮರುವರ್ಷದ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿ ನಿಂತರು. ಸತೀಶ ಜಾರಕಿಹೊಳಿ ಅವರ ಎದುರು ಗೆದ್ದದ್ದು ಬರೀ 5,240 ಮತಗಳಿಂದ. ಆ ದಿನ ಎಣಿಕೆ ಸುತ್ತು ಸುತ್ತಿಗೂ ಹೊಯ್ದಾಡಿ, ನಮ್ಮ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ತಣ್ಣಗಾಗಿ ಹೋಗಿದ್ದವು.

ನಮ್ಮ ಶಾಸಕರಾಗಿದ್ದ ಆನಂದ ಮಾಮನಿ, ವಿಧಾನಸಭೆಯ ಉಪಸಭಾಧ್ಯಕ್ಷರು, 2022ರ ಅಕ್ಟೋಬರಿನಲ್ಲಿ ಹೋದರು. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರಿಂದ ಉಪಚುನಾವಣೆ ಆಗಲಿಲ್ಲ. 2023ರಲ್ಲಿ ಅವರ ಪತ್ನಿ ರತ್ನಾ ಮಾಮನಿ ನಿಂತರು, ಕಾಂಗ್ರೆಸ್ಸಿನ ವಿಶ್ವಾಸ ವೈದ್ಯ ಗೆದ್ದರು. ಓಣಿಯ ಕಟ್ಟೆ ಮೇಲೆ "ಅನುಕಂಪದ ಓಟು" ಎಂಬ ಮಾತು ಬಹಳ ಕೇಳಿದೆ. ಅದು ನನಗೆ ಸೇರುವುದಿಲ್ಲ. ಮಗ ನಿಂತರೆ ವಾರಸುದಾರ, ಹೆಂಡತಿ ನಿಂತರೆ ಅನುಕಂಪವೇ? ಒಬ್ಬರನ್ನು ಕೂದಲೆಳೆಯಲ್ಲಿ ಗೆಲ್ಲಿಸಿ ಇನ್ನೊಬ್ಬರನ್ನು ಸೋಲಿಸಿದ ಜನ ಕಣ್ಣೀರು ನೋಡಿ ಓಟು ಹಾಕಿದಂತೆ ಕಾಣುವುದಿಲ್ಲ.

ನಮ್ಮತ್ತಿಯ ಓಟಿನ ಕಥೆ ಬೇರೆ. 2023ರಲ್ಲಿ ಅವರಿಗೆ 81. 80 ದಾಟಿದವರಿಗೆ ಮನೆಯಲ್ಲೇ ಮತದಾನ ಅಂತ ಆ ಸಲ ಬಂತಲ್ಲ, ಅರ್ಜಿ ತುಂಬಿ ಕೊಟ್ಟಿದ್ದೆವು. ಸಿಬ್ಬಂದಿ ಮನೆಗೇ ಬಂದರು, ಪಡಸಾಲೆಯ ಮೂಲೆಯಲ್ಲಿ ಮರೆ ಮಾಡಿದರು, ವಿಡಿಯೋ ತೆಗೆದರು. ಅತ್ತಿ ಮತಪತ್ರಕ್ಕೆ ಗುರುತು ಹಾಕಿ ಲಕೋಟೆಗೆ ಹಾಕಿಕೊಟ್ಟು, "ಪೀಂ ಅನ್ನಲೇ ಇಲ್ಲಲ್ರೀ?" ಅಂತ ಕೇಳಿದರು. ಆ ಸಪ್ಪಳ ಕೇಳದಿದ್ದರೆ ಓಟು ಮುಟ್ಟಿಲ್ಲ ಅಂತಲೇ ಅವರ ಲೆಕ್ಕ. 2024ಕ್ಕೆ ಆ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದರು. "ಹ್ವಾದ ವರ್ಷ ಮುದುಕಿ ಇದ್ದಾಕಿ ಈ ವರ್ಷ ಸಣ್ಣಾಕಿ ಆದ್ನೇನವಾ?" ಅಂತ ನಗುತ್ತ, ಮೇ 7ರ ಬಿಸಿಲಿನಲ್ಲಿ ಮೊಮ್ಮಗನ ಬೈಕ್ ಹತ್ತಿ ಬೂತಿಗೆ ಹೋದರು. ಪೀಂ ಅಂದಿತಂತೆ. ಯಾರಿಗೆ ಹಾಕಿದರು? ನಮಗೆ ಹೇಳಿಲ್ಲ, ಮಾವನವರಿದ್ದಾಗ ಅವರಿಗೂ ಹೇಳುತ್ತಿರಲಿಲ್ಲವಂತೆ.

ಅತ್ತಿಯ ಗುಟ್ಟು ಹೀಗೆ ಗಟ್ಟಿ. ಆದರೆ ಓಣಿಯ ಗುಟ್ಟು ಉಳಿಯುವುದಿಲ್ಲ. ಇದನ್ನು ಹೇಳಲಿಕ್ಕೇ ಈ ಲೇಖನ ಬರೆಯಲು ಕೂತೆ.

ಎಣಿಕೆ ಮುಗಿದ ಮೇಲೆ ಫಾರಂ 20 ಅಂತ ಒಂದು ಪಟ್ಟಿ ಬರುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂದು ಅದರಲ್ಲಿ ಸಾಲಾಗಿ ಇರುತ್ತದೆ. ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ಬೂತು ಅಂದರೆ ಹಳ್ಳಿಯಲ್ಲಿ ನಾಲ್ಕಾರು ಓಣಿ. ಒಬ್ಬೊಬ್ಬರ ಓಟು ಗೊತ್ತಾಗುವುದಿಲ್ಲ ನಿಜ, ಆದರೆ ಓಣಿ ಯಾವ ಕಡೆ ವಾಲಿತು ಎಂಬುದು ಬಯಲು. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಬೂತಿನ ಚೀಟಿಗಳನ್ನು ಕಲಸಿ ಎಣಿಸುವುದಕ್ಕೆ ನಿಯಮವಿತ್ತು. ಮಷಿನ್ ಬಂದ ಮೇಲೆ ಪ್ರತಿ ಮಷಿನ್ ಬೇರೆಯಾಗಿಯೇ ಲೆಕ್ಕ ಕೊಡುತ್ತದೆ. ಹಲವು ಮಷಿನ್‌ಗಳ ಮತ ಕೂಡಿಸಿ ಒಟ್ಟು ಮಾತ್ರ ತೋರಿಸುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಹೂಂ ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಬೂತಿನಲ್ಲಿ ಹಿಂದೆ ಬಿದ್ದೆವೆಂದು ಪಕ್ಷಗಳಿಗೆ ಗೊತ್ತಾಗಬೇಕಲ್ಲ ಎಂಬ ವಾದವೂ ಇದೆ. ನಮ್ಮಂಥವರಿಗೆ ಹೆದರಿಕೆ ಇರುವುದೂ ಅಲ್ಲೇ.

ಒಂದು ಫಲಿತಾಂಶ ಬಂದ ಸ್ವಲ್ಪ ದಿನಕ್ಕೆ ನಮ್ಮ ಸ್ತ್ರೀಶಕ್ತಿ ಸಂಘದ ನಾಲ್ವರು ಓಣಿಯ ಗಟಾರದ ಸಲುವಾಗಿ ಒಬ್ಬ ಮುಖಂಡರ ಹತ್ತಿರ ಹೋಗಿದ್ದೆವು. ಪಕ್ಷ, ಹೆಸರು ಬೇಡ, ಈ ಮಾತು ಆಡದ ಪಕ್ಷವನ್ನು ನಾನು ಕಂಡಿಲ್ಲ. ಅವರು ಚಹಾ ಕೊಟ್ಟರು, ಮೊಬೈಲಿನಲ್ಲಿ ಒಂದು ಪಟ್ಟಿ ತೆಗೆದರು, "ನಿಮ್ಮ ಬೂತಿನ ಲೆಕ್ಕ ನಮ್ಮ ಹತ್ರ ಐತ್ರೆವ್ವಾ" ಅಂದರು, ಅಷ್ಟೇ. ಬೈಯಲಿಲ್ಲ, ಇಲ್ಲ ಅನ್ನಲೂ ಇಲ್ಲ. ಹೊರಗೆ ಬಂದ ಮೇಲೆ ನಮ್ಮಲ್ಲೇ ಒಬ್ಬಾಕಿ ಇನ್ನೊಬ್ಬಾಕಿಗೆ, "ನೀವೆಲ್ಲಾ ಅವರಿಗೆ ಹಾಕಿದ್ರೆ ಹಿಂಗ ಆಗ್ತಿರಲಿಲ್ಲ" ಅಂದಳು. ಗಟಾರದ ಮಾತು ಹೋಗಿ ದಾರಿ ತುಂಬ ಓಟಿನ ಜಗಳ. ಎರಡು ವಾರ ಸಂಘದ ಸಭೆಗೆ ಅರ್ಧ ಮಂದಿ ಬರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಕಾಲೇಜಿಗೆ ಹೋಗುವ ನಮ್ಮ ಮಗಳು. ಅದೇ ಫಾರಂ 20 ತೆಗೆದು ಸಭೆಯಲ್ಲಿ ಓದಿ ಹೇಳಿದಳು. ನಮ್ಮ ಬೂತಿನಲ್ಲಿ ಸೋತವರಿಗೂ ಗೆದ್ದವರಿಗೂ ಇದ್ದದ್ದು ಸಣ್ಣ ಅಂತರ. ಎರಡೂ ಕಡೆ ನೂರಾರು ಮತ ಇದ್ದವು. ಗ್ರಾಮಸಭೆಯಲ್ಲಿ ಗಟಾರದ ಬೇಡಿಕೆ ಬರೆಸಿ, ನಡಾವಳಿಯಲ್ಲಿ ಸೇರಿದೆಯೋ ಇಲ್ಲವೋ ಅಂತ ಓದಿಸಿಕೊಂಡೇ ಸಹಿ ಹಾಕಿದೆವು. ಈಗ ಅರ್ಧ ಓಣಿಗೆ ಗಟಾರ ಆಗಿದೆ, ಇನ್ನರ್ಧದ ನೀರು ಇನ್ನೂ ರಸ್ತೆ ಮೇಲೆಯೇ ಹರಿಯುತ್ತದೆ. ಮುಂದಿನ ಗ್ರಾಮಸಭೆಗೆ ಹತ್ತು ಮಂದಿ ಹೋಗುವವರಿದ್ದೇವೆ, ಎರಡೂ ಪಕ್ಷದ ಮನೆಯವರು.