ಮಾಳಿಗೆ ಮನೆಗೆ ಕಡಲ ಬಣ್ಣ

ಕೊಪ್ಪಳ ತಾಲ್ಲೂಕಿನ ಹಿಟ್ನಾಳ, ಹುಲಿಗಿ, ಮುನಿರಾಬಾದ್ ಸುತ್ತಿನ ಹಳೆಯ ಮನೆಗಳು ಮಾಳಿಗೆ ಮನೆಗಳು. ಕಲ್ಲು-ಮಣ್ಣಿನ ದಪ್ಪ ಗೋಡೆ, ಸಾಲಾಗಿ ಜೋಡಿಸಿದ ಜಂತಿ, ಅದರ ಮೇಲೆ ಮಣ್ಣು ಹಾಕಿ ಬಡಿದ ಮಟ್ಟಸ ಮಾಳಿಗೆ, ನಡುಮನೆಗೆ ಬೆಳಕು ಬೀಳಲು ಒಂದು ಬೆಳಕಿಂಡಿ. ಗೋಕರ್ಣ, ಮುರ್ಡೇಶ್ವರ, ಕಾರವಾರ ನೋಡಿಬಂದ ಕುಟುಂಬವೊಂದು ಇಂಥ ಮನೆಯ ದುರಸ್ತಿಗೆ ಕೈಹಾಕಿದಾಗ ಆ ದಂಡೆಯ ನೆನಪನ್ನೂ ಒಳಗೆ ತರಬಯಸುವುದು ಸಹಜ. ಅಂಕೋಲೆಯಿಂದ ಹೊರಟ ಹಳೆಯ ರಾಷ್ಟ್ರೀಯ ಹೆದ್ದಾರಿ 63 ಹುಬ್ಬಳ್ಳಿ, ಗದಗ, ಕೊಪ್ಪಳದ ಮೇಲೆ ಹೊಸಪೇಟೆಗೆ ಹೋಗುತ್ತಿದ್ದುದರಿಂದ ಕಡಲಿಗೂ ಈ ಸೀಮೆಗೂ ಒಂದೇ ದಾರಿಯ ನಂಟಿದೆ. ಹವೆಯ ನಂಟು ಮಾತ್ರ ಇಲ್ಲ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ; ಕೊಪ್ಪಳದಲ್ಲಿ 600 ಮಿ.ಮೀ. ಆಸುಪಾಸು. ಅಲ್ಲಿ ಸೆಕೆ, ಬೆವರು ಆರಲು ಗಾಳಿ ಆಡಬೇಕು. ಅದಕ್ಕೇ ದೊಡ್ಡ ಕಿಟಕಿ, ತೆರೆದ ಜಗಲಿ. ಇಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ಮುಟ್ಟುತ್ತದೆ, ಗಾಳಿ ಒಣ, ರಾತ್ರಿ ಇಳಿಯುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಡೆದು ಹಿಡಿಯುವುದರಿಂದ ಮಧ್ಯಾಹ್ನದ ಒಳಮನೆ ತಂಪು. ಕಡಲಮನೆಯಂತೆ ಕಾಣಲೆಂದು ಆ ಗೋಡೆ ಒಡೆದು ಅಗಲದ ಗಾಜು ಕೂರಿಸುವುದು ದೊಡ್ಡ ತಪ್ಪು. ಒಳಗೆ ಬರುವುದು ಬಿಸಿಗಾಳಿ ಮತ್ತು ಧೂಳು. ಬೆಳಕು ಸಾಲದಿದ್ದರೆ ಇರುವ ಬೆಳಕಿಂಡಿಯನ್ನೇ ತುಸು ಹಿಗ್ಗಿಸಿ, ಮಳೆ ಇಳಿಯದಂತೆ ಮುಚ್ಚಳ ಮಾಡಿಸಿದರೆ ಸಾಕು.

ಮಂಗಳೂರು ಹೆಂಚಿನದೂ ಇದೇ ಕಥೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಒಂದರ ಅಂಚು ಇನ್ನೊಂದರ ಕೊರಕಲಿನಲ್ಲಿ ಕೂರುವ ಈ ಹೆಂಚು, ಇಳಿಜಾರು ಮಾಡಿನ ಮೇಲೆ ಜಡಿಮಳೆಯನ್ನು ಜಾರಿಸಿಬಿಡುತ್ತದೆ. ಆದರೆ ಅದು ತೆಳು. ಕೊಪ್ಪಳದ ಬಿಸಿಲಿಗೆ ಕಾದು, ಕೆಳಗೆ ಮಲಗುವವರ ಮೇಲೆ ಝಳ ಸುರಿಯುತ್ತದೆ. ಮಲಗುವ ಕೋಣೆಗೆ ಮಾಳಿಗೆಯೇ ಇರಲಿ, ಹೆಂಚು ಮುಂದಿನ ಕಟ್ಟೆಯ ನೆರಳಿಗಿರಲಿ. ಮಂಗಗಳ ಕಾಟವಿದ್ದಲ್ಲಿ ಹೆಂಚನ್ನು ತಂತಿಯಿಂದ ಬಿಗಿಯಬೇಕು.

ಬಣ್ಣದಲ್ಲಿ ಕಡಲು ಸಲೀಸಾಗಿ ಬರುತ್ತದೆ. ಕಡಲ ಶೈಲಿಯೆಂದು ಮಾರುವ ಕಡು ನೀಲಿ-ಬಿಳಿ ಜೋಡಿ ಗ್ರೀಸಿನ ದ್ವೀಪಗಳದ್ದು. ಗೋಕರ್ಣದ ದಂಡೆಯಲ್ಲಿ ಕಾಣುವುದು ಕೆಂಪು ಚಿರೆಕಲ್ಲಿನ ಗುಡ್ಡ, ತೆಂಗಿನ ಹಸಿರು, ತಿಳಿಕಂದು ಮರಳು. ಬೆಳಕು ಕಡಿಮೆಯಿರುವ ನಡುಮನೆಗೆ ಕಡು ನೀಲಿ ಬಳಿದರೆ ಇದ್ದ ಬೆಳಕನ್ನೂ ಅದು ನುಂಗುತ್ತದೆ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುವ ಹಳ್ಳಿಯ ರೂಢಿಯೇ ಇಲ್ಲಿ ಮೇಲು. ಬೆಳಗಿನ ಕಡಲಿನಂಥ ತೆಳು ಛಾಯೆ ಅದರಿಂದ ಬರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹಾಕಿದರೆ ಒಳಗಿನ ತೇವ ಹೊರಹೋಗಲಾರದೆ ಗಿಲಾವು ಉಬ್ಬಿ ಕಳಚುತ್ತದೆ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಬಳಿಯುವಲ್ಲಿ ಮಾತ್ರ ಅವಸರ ಕೂಡದು. ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ತಿಳಿಯಾಗಿ ಎರಡು-ಮೂರು ಕೈ ಬಳಿಯಬೇಕು, ಒಂದು ಕೈ ಆರಿದ ಮೇಲೆಯೇ ಮುಂದಿನದು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದಕ್ಕೆ ತೇವವೂ ಹೊತ್ತೂ ಬೇಕು. ಉರಿಬಿಸಿಲಲ್ಲಿ ಬಳಿದ ಸುಣ್ಣ ಹಾಗಾಗುವ ಮೊದಲೇ ಒಣಗಿ, ಸವರಿದ ಅಂಗೈಗೆಲ್ಲ ಹಿಟ್ಟಿನಂತೆ ಹತ್ತುತ್ತದೆ. ಮಳೆಗಾಲ ಕಳೆದ ಮೇಲಿನ ಬೆಳಗಿನ ಹೊತ್ತು ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಒಂದು ಗೋಡೆಯಾದರೂ ಅಲಂಕಾರಕ್ಕೆ ಬೇಕೆನ್ನುವವರು ಕಾವಿ ಕಲೆಯನ್ನು ನೋಡಬಹುದು. ಉತ್ತರ ಕನ್ನಡದ ಹಳೆಯ ದೇವಾಲಯಗಳಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಎಳೆದು, ಹಸಿಯಿರುವಾಗಲೇ ಮೊನೆಯಿಂದ ಕೆರೆಯುತ್ತಿದ್ದರು; ಕೆರೆದಲ್ಲಿ ಅಡಿಯ ಬಿಳಿ ಚಿತ್ರವಾಗಿ ಮೂಡುತ್ತಿತ್ತು. ನೆಲಕ್ಕೆ ಶಹಾಬಾದ್ ಪರಸಿ ಸಾಕು, ಒದ್ದೆ ಮರಳಿನ ಬೂದುಬಣ್ಣ ಅದಕ್ಕಿದೆ.

ಕರಾವಳಿಯಿಂದ ಮರದ ಬಾಗಿಲು ತರುವವರು ಒಂದನ್ನು ಗಮನಿಸಬೇಕು. ತೇವದ ಗಾಳಿಯಲ್ಲಿದ್ದ ಮರ ಇಲ್ಲಿನ ಒಣಹವೆಗೆ ಕುಗ್ಗಿ, ಹಲಗೆಗಳ ನಡುವೆ ಸಂದು ಬಿಡುತ್ತದೆ. ಚೌಕಟ್ಟಿಗೆ ಕೂರಿಸುವ ಮುನ್ನ ಕೆಲವು ತಿಂಗಳು ನೆರಳಲ್ಲಿ ಇಟ್ಟು ಒಗ್ಗಿಸಬೇಕು. ಬೆತ್ತದ ಕುರ್ಚಿಯೂ ಒಣಗಿ ಸೀಳುತ್ತದೆ. ತೆಂಗಿನ ನಾರಿನ ಚಾಪೆಗೆ ಆ ಭಯವಿಲ್ಲ.

ನೆನಪಿಗೆಂದು ಸಮುದ್ರದ ಮರಳು ತಂದು ಗಾರೆಗೆ ಬೆರೆಸಲೇಬಾರದು. ಅದರ ಉಪ್ಪು ಕಬ್ಬಿಣದ ಸರಳನ್ನು ತುಕ್ಕು ಹಿಡಿಸುತ್ತದೆ, ಗೋಡೆಯ ಮೇಲೆ ಬಿಳಿ ಹುಡಿಯಾಗಿ ಎದ್ದು ಬಣ್ಣವನ್ನು ಕೀಳುತ್ತದೆ. ಹವಳ ಮತ್ತು ಕೆಲವು ಜಾತಿಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ತಂದು ಕಪಾಟಿನಲ್ಲಿಡುವುದೂ ಅಪರಾಧ. ಅಲಂಕಾರದ ಮೀನು, ದೋಣಿ ಬೇಕಿದ್ದರೆ ಕೊಪ್ಪಳ ತಾಲ್ಲೂಕಿನಲ್ಲೇ ಕಿನ್ನಾಳವಿದೆ. ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಹದಮಾಡಿ, ಹೊಳೆಯುವ ಬಣ್ಣ ಕೊಡುವ ಚಿತ್ರಗಾರರ ಆ ಊರಿನ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ದೇವರು, ಹಣ್ಣು, ಗಿಳಿಗಳನ್ನು ಮಾಡಿ ಪಳಗಿದ ಆ ಕೈಗಳಿಗೆ ಅಳತೆ ಕೊಟ್ಟು ಹೇಳಿದರೆ, ಕಟ್ಟೆಯ ಕಂಬಕ್ಕೆ ತೂಗುಹಾಕುವ ದೋಣಿಯನ್ನೂ ಮಾಡಿಸಿಕೊಳ್ಳಬಹುದು.