ಹಾಸಿಗೆ ಮರದ ಒಕ್ಕಲುಗಳು

ಹಲಸೂರಿನಿಂದ ಕೃಷ್ಣರಾಜಪುರದವರೆಗೆ, ಮನೆ ಏಳದೆ ಉಳಿದ ನಿವೇಶನಗಳಲ್ಲಿ, ಮನುಷ್ಯರಾರೂ ಬಿತ್ತದ ಹರಳು ಗಿಡಗಳನ್ನು ಕಾಲೇಜಿಗೆ ಹೋಗಿಬರುವಾಗ ಕಾಣುತ್ತೇನೆ. ಎಲೆಯೂ ತೊಟ್ಟೂ ಕೂಡುವಲ್ಲಿ ಪುಟ್ಟ ಗಂಟುಗಳಿದ್ದು, ಅವುಗಳಿಂದ ಸಿಹಿರಸ ಒಸರುತ್ತದೆ. ಅದು ಇರುವೆಗಳ ಪಾಲು. ಇರುವೆಯ ಸಂಚಾರವಿದ್ದಲ್ಲಿ ಎಲೆ ಮೇಯುವ ಹುಳುವಿಗೆ ನೆಮ್ಮದಿಯಿಲ್ಲ. ಬೀಜದ ಮೂತಿಗೆ ಅಂಟಿದ ಮೃದುವಾದ ತುಣುಕಿನ ಆಸೆಗೆ ಇರುವೆಗಳು ಬೀಜವನ್ನೇ ಗೂಡಿಗೆ ಎಳೆದೊಯ್ದು, ತುಣುಕನ್ನು ತಿಂದು ಬೀಜವನ್ನು ಎಸೆಯುತ್ತವೆ. ಬಿತ್ತನೆ ಆಯಿತು!

ಇದು ಕೂಲಿಯ ಸಂಬಂಧ. ಒಕ್ಕಲಿನ ಸಂಬಂಧ ಇನ್ನೂ ಸೋಜಿಗದ್ದು, ಅದಕ್ಕೆ ಘಟ್ಟವನ್ನೇರಬೇಕು. ಕೊಡಗಿನ ಮಳೆಕಾಡಿನಲ್ಲಿ ಹಾಸಿಗೆ ಮರವೆಂಬುದೊಂದುಂಟು. ಶಾಸ್ತ್ರಜ್ಞರು ಹಂಬೋಲ್ಟಿಯಾ ಬ್ರುನೋನಿಸ್ ಎನ್ನುವರು. ಪಶ್ಚಿಮಘಟ್ಟದ ಹೊರಗೆ ಇದಿಲ್ಲ. ಕೆಲವು ಮರಗಳ ರೆಂಬೆಗಳಲ್ಲಿ, ಗೆಣ್ಣಿನಿಂದ ಗೆಣ್ಣಿಗೆ, ಉಬ್ಬಿದ ಟೊಳ್ಳು ಕೋಣೆಗಳು. ಒಂದೊಂದಕ್ಕೂ ಮರವೇ ತೆರೆದಿಟ್ಟ ಬಾಗಿಲು. ಹಲವು ಜಾತಿಯ ಇರುವೆಗಳು ಅಲ್ಲಿ ಬಿಡಾರ ಹೂಡಿವೆ. ಮರವನ್ನು ಕಾಯುವುದಾದರೋ ಒಂದೇ ಜಾತಿ. ಉಳಿದವು ಉಂಡು ಸುಮ್ಮನಿರುವಂಥವು. ಸಾಲದುದಕ್ಕೆ ಒಂದು ಎರೆಹುಳುವೂ ಮರವೇರಿ ಕೋಣೆ ಹಿಡಿದಿದೆ! ಇವನ್ನೆಲ್ಲ ಮರ ಏಕೆ ಸಹಿಸಬೇಕು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಗೆಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಈ ಮರದ ಬೆನ್ನುಹತ್ತಿ 2014ರಲ್ಲಿ ಉತ್ತರವನ್ನು ಪ್ರಕಟಿಸಿದರು. ಕೋಣೆಯೊಳಗಿನ ಕಸ ಹಿಕ್ಕೆಗಳಲ್ಲಿರುವ ಸಾರಜನಕ ಮರಕ್ಕೆ ಸೇರುತ್ತದೆ. ಕಾವಲಿನ ಇರುವೆಯದು ಮಾತ್ರವಲ್ಲ, ಸೋಮಾರಿಯದೂ, ಎರೆಹುಳುವಿನದೂ. ಹಾಳು ಒಕ್ಕಲೆಂದು ಕಂಡದ್ದೂ ಸದ್ದಿಲ್ಲದೆ ಬಾಡಿಗೆ ತೆರುತ್ತಿತ್ತು. ಶಿವಾಜಿನಗರದ ವಠಾರಗಳಲ್ಲಿ ಬಾಡಿಗೆ ಎಣಿಸಿಕೊಳ್ಳುವವರು ಈ ಲೆಕ್ಕವನ್ನು ನಮ್ಮ ಪಂಡಿತರಿಗಿಂತ ಬೇಗ ಗ್ರಹಿಸಿಯಾರು. ಇಂಥದಕ್ಕೆ ಪಠ್ಯಗಳಲ್ಲಿ ಬಳಸುವ ‘ಸಹಜೀವನ’ವೆಂಬ ಪದ ಕನ್ನಡ ಪಾಠ ಹೇಳುವ ನನಗೆ ಅಷ್ಟಾಗಿ ರುಚಿಸದು, ಅದರಲ್ಲಿ ಇಲ್ಲದ ಸ್ನೇಹದ ಪರಿಮಳವಿದೆ. ‘ಕೊಳುಕೊಡೆ’ಯೆಂಬ ನಮ್ಮ ಹಳೆಯ ಮಾತೇ ನಿಜಕ್ಕೆ ಹತ್ತಿರ.

ಇನ್ನು ಅಣಬೆಯ ಮಾತು. ಅಣಬೆ ಬೆಳೆದುಣ್ಣುವ ಇರುವೆಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮಲ್ಲಿ ಆ ಬೇಸಾಯ ಗೆದ್ದಲಿನದು. ನಾಗಪ್ಪನಿಗೆಂದು ಹಾಲೆರೆಯುವ ಹುತ್ತದೊಳಗೆ, ಗೆದ್ದಲು ತಿಂದು ಹೊರಹಾಕಿದ ಎಲೆ ಕಟ್ಟಿಗೆಗಳ ಮೇಲೆ, ಬೂಷ್ಟಿನ ತೋಟವಿದೆ. ಗೆದ್ದಲಿಗೆ ಅರಗದ ನಾರನ್ನು ಬೂಷ್ಟು ಅರಗಿಸಿ ಕೊಡುತ್ತದೆ. ಗೆದ್ದಲು ಅದಕ್ಕೆ ಹದವಾದ ಕಾವು ತೇವಗಳನ್ನು ಒದಗಿಸಿ, ಕಳೆಯಾಗಿ ಬಂದ ಬೇರೆ ಬೂಷ್ಟನ್ನು ಮಣ್ಣಿನಲ್ಲಿ ಹೂಳುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಬಳಿ ಅಣಬೆ ಏಳುವುದು ಈ ತೋಟದಿಂದಲೇ. ಹಳ್ಳಿಯವರು ಅದರ ಜಾಡು ಬಲ್ಲರು. ನಸುಕಿನಲ್ಲೇ ಬುಟ್ಟಿ ಹಿಡಿದು ಹೊರಡುತ್ತಾರೆ.